ಏಳು ನೋಟ್‌ಬುಕ್ಕಿನ ಟ್ರಂಕು

ನಮ್ಮೂರಿನಲ್ಲಿ ನಗಾರಿ ಬಡಿದಾಗ ಮಾತ್ರ ಕೈ ಆಡುತ್ತದೆ. ಒಂದು ಬಡಿತಕ್ಕೆ ಒಂದು ಕೆಲಸ. ಒಂದು ಸಲ ಸೌಟು ತಿರುವಬಹುದು, ಇಲ್ಲವೇ ಒಂದು ಚಿಟಿಕೆ ಉಪ್ಪು ಹಾಕಬಹುದು, ಇಲ್ಲವೇ ಮಗುವಿನ ಮೂಗು ಒರೆಸಬಹುದು. ಎರಡು ಬಡಿತಗಳ ನಡುವೆ ಕೈ ಇದ್ದಲ್ಲೇ ಇರುತ್ತದೆ. ಈ ಕಟ್ಟು ಕೈಗೆ ಮಾತ್ರ. ಕಾಲಿಗೂ ಇಲ್ಲ, ಬಾಯಿಗೂ ಇಲ್ಲ. ಹಾಗಾಗಿ ನಮ್ಮೂರವರು ನಡೆಯುವುದು ಜಾಸ್ತಿ, ಮಾತಾಡುವುದು ಅದಕ್ಕಿಂತ ಜಾಸ್ತಿ. ಕಾಗೆ, ನಾಯಿ, ಸೊಳ್ಳೆಗಳಿಗೆ ಇದರ ಗೊಡವೆಯಿಲ್ಲ. ಹಾಲಿಗಂತೂ ಇಲ್ಲವೇ ಇಲ್ಲ. ಒಂದು ಬಡಿತದಲ್ಲಿ ಪಾತ್ರೆಯೊಳಗೆ ಸುಮ್ಮನಿದ್ದ ಹಾಲು ಮುಂದಿನ ಬಡಿತ ಬರುವಷ್ಟರಲ್ಲಿ ಉಕ್ಕಿ ಒಲೆಯ ಮೇಲಿರುತ್ತದೆ. ಬೆಳಿಗ್ಗೆ ಏಳು ಗಂಟೆಗೆ ನಮ್ಮ ಬೀದಿಯಲ್ಲಿ ನಿಂತರೆ ಪ್ರತಿ ಮನೆಯಿಂದಲೂ "ಉಕ್ತು, ಉಕ್ತು!" ಎಂಬ ಕೂಗು ಸಾಲಾಗಿ ಕೇಳುತ್ತದೆ. ಕೂಗುವುದಕ್ಕೆ ಅಡ್ಡಿಯಿಲ್ಲವಲ್ಲ.

ನನ್ನ ಮಗಳು ವಾರಿಜಳ ಕೈ ಮಾತ್ರ ಒಂದು ಬಡಿತ ಬಿಟ್ಟು ಇನ್ನೊಂದಕ್ಕೆ ಆಡುತ್ತದೆ. ಹುಟ್ಟಿದಾಗಿನಿಂದಲೂ ಹಾಗೇ. ಸೂಲಗಿತ್ತಿ ಬೆರಳು ಕೊಟ್ಟರೆ ಎಲ್ಲ ಕೂಸುಗಳೂ ಮುಂದಿನ ಬಡಿತಕ್ಕೇ ಹಿಡಿದುಕೊಳ್ಳುತ್ತವಂತೆ. ಇವಳು ಒಂದು ಬಡಿತ ಆ ಬೆರಳನ್ನು ಸುಮ್ಮನೆ ನೋಡಿ, ಆಮೇಲೆ ಹಿಡಿದಳು. ಶಾಲೆಯಲ್ಲಿ ಅವಳಿಗೆ ಅರೆಬಡಿತ ಎಂದು ಹೆಸರಿಟ್ಟರು. ಈಗ ಅವಳಿಗೆ ಹದಿನೇಳು ವರ್ಷ. ಈ ಹದಿನೇಳು ವರ್ಷದಲ್ಲಿ ನಾನು ಅವಳಿಗೆ ಅತಿ ಹೆಚ್ಚು ಸಲ ಹೇಳಿರುವ ಮಾತು "ಬೇಗ ಕಂದ, ಬೇಗ". ಅವಳು "ಬಂದೆ ಅಮ್ಮ" ಎನ್ನುತ್ತಾಳೆ. ಒಂದು ಬಡಿತ ತಡವಾಗಿ ಬಂದೇ ಬರುತ್ತಾಳೆ.

ಊರಿನ ಅರ್ಧ ಜನಕ್ಕೆ ಅನ್ನ ಹಾಕುವುದು ಉತ್ತರದ ಮನೆ. ಬಸ್‌ಸ್ಟ್ಯಾಂಡಿನ ಎದುರಿಗಿರುವ ಉದ್ದನೆಯ ಹೆಂಚಿನ ಮನೆ ಅದು. ಸುತ್ತಲ ಊರಿನವರು ತಮಗೆ ಲೆಕ್ಕ ಹತ್ತದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಬೆಳಗಿನ ಬಸ್ಸಿಗೆ ಕಳಿಸುತ್ತಾರೆ. ಆರುನೂರು ಜನರ ಮದುವೆಗೆ ಎಷ್ಟು ಅಕ್ಕಿ ನೆನೆಹಾಕಬೇಕು, ಹನ್ನೆರಡು ಅಡಿ ಬಾವಿಗೆ ಎಷ್ಟು ಇಟ್ಟಿಗೆ ಹಿಡಿಯುತ್ತದೆ, ಮುಂದಿನ ವರ್ಷ ಹುಣ್ಣಿಮೆ ಯಾವ ವಾರ ಬೀಳುತ್ತದೆ, ಇಂಥವು. ಸಂಜೆಯ ಬಸ್ಸಿಗೆ ಉತ್ತರ ಹೋಗಬೇಕು. ನನ್ನ ಯಜಮಾನರು ಊರೂರು ಸುತ್ತಿ ಪ್ರಶ್ನೆ ಒಟ್ಟುಗೂಡಿಸುವವರು. ತಿಂಗಳಿಗೊಮ್ಮೆ ಮನೆಗೆ ಬರುತ್ತಾರೆ. ನಾನು ಮಣಿಚೌಕಟ್ಟಿನ ಮುಂದೆ ಕೂತು ಲೆಕ್ಕ ಮಾಡುವವಳು.

ಒಂದು ಬೆಂಚಿಗೆ ನಾಲ್ಕು ಜನ. ಒಬ್ಬರು ಚೀಟಿ ಬಿಡಿಸಿ ಓದುತ್ತಾರೆ, ಒಬ್ಬರು ಬೇಕಾದ ಪುಸ್ತಕ ತರುತ್ತಾರೆ, ಒಬ್ಬರು ಮಣಿ ಸರಿಸಿ ಲೆಕ್ಕ ಮಾಡುತ್ತಾರೆ, ಒಬ್ಬರು ಉತ್ತರ ಬರೆಯುತ್ತಾರೆ. ಪುಸ್ತಕಗಳೆಲ್ಲ ಬೀದಿಯ ತುದಿಯ ಉಗ್ರಾಣದಲ್ಲಿವೆ. ಉತ್ತರದ ಮನೆಯಿಂದ ಅಲ್ಲಿಗೆ ನೂರ ನಲವತ್ತು ಹೆಜ್ಜೆ. ಒಂಬೈನೂರು ಪುಸ್ತಕ, ಒಂದೇ ಬಾಗಿಲು, ಬಾಗಿಲಲ್ಲಿ ಉಗ್ರಾಣದ ಬೋರಣ್ಣ. ಒಂದು ಸಲಕ್ಕೆ ಒಂದೇ ಪುಸ್ತಕ ಕೊಡುತ್ತಾನೆ. ಕೆಲಸ ಮುಗಿದ ತಕ್ಷಣ ಅದನ್ನು ತಂದು ಅದರ ಜಾಗದಲ್ಲಿ ಮಲಗಿಸಬೇಕು. ಪುಸ್ತಕವನ್ನು ಬೆಂಚಿನ ಮೇಲೆ ಬಿಟ್ಟರೆ ಅದಕ್ಕೆ ಅವಮಾನ ಎಂಬುದು ಹಿಂದಿನಿಂದ ಬಂದ ನಡವಳಿಕೆ. ಎಂಟರ ಮಗ್ಗಿಗೆಂದು ಮಗ್ಗಿ ಪುಸ್ತಕ ತಂದು, ಮಲಗಿಸಿ ಬಂದು, ಮುಂದಿನ ಚೀಟಿಗೆ ಒಂಬತ್ತರ ಮಗ್ಗಿ ಬೇಕಾದರೆ ಮತ್ತೆ ನೂರ ನಲವತ್ತು ಹೆಜ್ಜೆ. ಯಾರಿಗೂ ಇದು ವಿಚಿತ್ರ ಅನ್ನಿಸಿರಲಿಲ್ಲ. ನನಗೂ ಅನ್ನಿಸಿರಲಿಲ್ಲ.

ಹೀಗೆ ದಿನಕ್ಕೆ ನೂರಿಪ್ಪತ್ತು ಉತ್ತರ ಕೊಟ್ಟುಕೊಂಡು ನೆಮ್ಮದಿಯಾಗಿದ್ದೆವು. ಅಷ್ಟರಲ್ಲಿ ಹೊಳೆಯಾಚೆಯ ಊರಿನವರು ಕಂಪ್ಯೂಟರ್ ತರಿಸಿದರು. ಅದು ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಡುತ್ತದಂತೆ. ಬಸ್ಸಿನವರು ಕಾಗದ ಬರೆದರು: ಬರುವ ಅಮಾವಾಸ್ಯೆಯ ದಿನ ಮುನ್ನೂರು ಚೀಟಿ ತರುತ್ತೇವೆ, ಸಂಜೆ ಐದಕ್ಕೆ ಮುನ್ನೂರಕ್ಕೂ ಉತ್ತರ ಕೊಟ್ಟರೆ ಸರಿ, ಇಲ್ಲವಾದರೆ ಮಾರನೆಯ ದಿನದಿಂದ ಚೀಟಿಗಳೆಲ್ಲ ಹೊಳೆಯಾಚೆಗೆ.

ಉತ್ತರದ ಮನೆಯ ಯಜಮಾನರು ನರಹರಿಯಪ್ಪನವರು. ನಾವೆಲ್ಲ ಅಯ್ಯನೋರು ಎನ್ನುತ್ತೇವೆ. ಅವರು ಬಸ್ಸಿನ ಕಂಡಕ್ಟರನ ಕೈಯಲ್ಲಿ ಆ ಕಂಪ್ಯೂಟರಿನ ಜಾಹೀರಾತು ಚೀಟಿ ತರಿಸಿದರು. ಕಂಡಕ್ಟರ್ ಹೊರಗಿನವನು, ಬಡಿತದ ಹಂಗಿಲ್ಲದೆ ಪಟಪಟನೆ ಟಿಕೆಟ್ ಹರಿಯುತ್ತಾನೆ. ನಮ್ಮೂರ ಮಕ್ಕಳು ಅದನ್ನು ನೋಡಲೆಂದೇ ಬಸ್ಸಿಗೆ ಕಾಯುತ್ತವೆ. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಸಾಲಿತ್ತು. ಅಯ್ಯನೋರು ಎಲ್ಲರನ್ನೂ ಕೂರಿಸಿ ಓದಿದರು: "ಪ್ರೊಸೆಸರಿನ ವೇಗ, ಸೆಕೆಂಡಿಗೆ ಮುನ್ನೂರು ಕೋಟಿ ಬಡಿತ."

ಮೂಲೆಯಲ್ಲಿದ್ದ ನಗಾರಿ ಸಿದ್ಲಿಂಗಣ್ಣ ತನ್ನ ಭುಜ ಮುಟ್ಟಿ ನೋಡಿಕೊಂಡ.

"ಮುನ್ನೂರು ಕೋಟಿ ಬೇಡ ಕಣಯ್ಯಾ," ಅಂದರು ಅಯ್ಯನೋರು. "ಈಗ ನಿಮಿಷಕ್ಕೆ ಮೂವತ್ತು ಬಡೀತಿದ್ದೀಯ. ಅರವತ್ತು ಬಡಿ. ಬಡಿತ ಎರಡರಷ್ಟಾದ್ರೆ ಉತ್ತರಾನೂ ಎರಡರಷ್ಟು. ಇದಕ್ಕೆ ಮಣಿಚೌಕಟ್ಟು ಬೇರೆ ಬೇಕಾ?"

ಮಾರನೆಯ ದಿನದಿಂದ ನಗಾರಿ ಎರಡು ಪಟ್ಟು ವೇಗವಾಯಿತು. ಊರಿಗೆ ಊರೇ ಓಡತೊಡಗಿತು. ಊಟಕ್ಕೆ ಕೂತವರು ತುತ್ತು ನುಂಗುವ ಮೊದಲೇ ಇನ್ನೊಂದು ತುತ್ತು ಬಾಯ ಬಳಿ ಬಂದು ನಿಲ್ಲುತ್ತಿತ್ತು. ಎಲ್ಲರಿಗೂ ಬಿಕ್ಕಳಿಕೆ. ಕ್ಷೌರದಂಗಡಿಗೆ ಹೋಗುವ ಧೈರ್ಯ ಯಾರಿಗೂ ಉಳಿಯಲಿಲ್ಲ. ಒಂದೇ ವಾರದಲ್ಲಿ ಗಂಡಸರೆಲ್ಲ ಗಡ್ಡ ಬಿಟ್ಟರು. ನನ್ನ ಪಕ್ಕದ ಮನೆಯ ಮಂಗಳಕ್ಕನಿಗೆ ಮಾತ್ರ ಸಡಗರ. ಊರಿನಲ್ಲೇ ಅತಿ ಚುರುಕಿನ ಕೈ ಅವಳದು. "ನೋಡು ಮಾಲಕ್ಕ, ಬೆಳಗಿಂದ ನೂರು ಚಪಾತಿ ಒತ್ತಿಬಿಟ್ಟೆ!" ಎಂದು ಗೋಡೆಯ ಮೇಲಿಂದ ಕೂಗಿದಳು.

"ಮನೇಲಿರೋದು ಮೂರೇ ಜನ ಅಲ್ವೇನೇ?"

"ಅದೇ ಈಗ ಯೋಚನೆ," ಎಂದಳು.

ಉತ್ತರದ ಮನೆಯೊಳಗೆ ಸೆಕೆ ಏರಿತು. ಕೈ ಹೆಚ್ಚು ಆಡಿದಷ್ಟೂ ಮೈ ಬಿಸಿ. ಬೆವರು ತೊಟ್ಟಿಕ್ಕಿ ಶಾಯಿ ಹರಡಿ, ಎಂಬತ್ತು ಸೇರು ಎಂದು ಬರೆದದ್ದು ಎಂಟುನೂರು ಸೇರು ಆಯಿತು. ಯಾವುದೋ ಊರಿನಲ್ಲಿ ಆ ಮದುವೆಯ ಪಾಯಸವನ್ನು ಈಗಲೂ ತಿನ್ನುತ್ತಿರಬೇಕು. ಬೀಸಣಿಗೆ ಬೀಸಲು ಆರು ಜನರನ್ನು ನಿಲ್ಲಿಸಿದರು. ಬೀಸಿ ಬೀಸಿ ಅವರ ಮೈಯೂ ಕಾದು, ಅವರಿಗೆ ಬೀಸಲು ಇನ್ನಿಬ್ಬರು ಬೇಕಾಯಿತು. ಇಷ್ಟೆಲ್ಲ ಮಾಡಿ ವಾರದ ಕೊನೆಗೆ ಎಣಿಸಿದರೆ ದಿನಕ್ಕೆ ನೂರ ಮೂವತ್ತೊಂದು ಉತ್ತರ. ಕೈ ಎರಡರಷ್ಟು ಓಡಿದರೂ ಕಾಲು ಓಡಬೇಕಲ್ಲ? ಮಣಿ ಸರಿಸಲು ನಾಲ್ಕು ಗಳಿಗೆ ಕಡಿಮೆಯಾಗಿತ್ತು, ಅಷ್ಟೇ. ಮಿಕ್ಕ ಹೊತ್ತೆಲ್ಲ ಪುಸ್ತಕಕ್ಕೆ ಹೋದವರ ದಾರಿ ನೋಡಿಕೊಂಡು, ಅರವತ್ತು ಬಡಿತಕ್ಕೂ ಖಾಲಿ ಕೈ ಎತ್ತಿ ಇಳಿಸಿಕೊಂಡು ಕೂರುವುದೇ ಆಗಿತ್ತು.

ಅಯ್ಯನೋರು ಜಾಹೀರಾತಿನ ಎರಡನೆಯ ಸಾಲಿಗೆ ಬಂದರು. ಅದರ ಅಕ್ಷರ ಸ್ವಲ್ಪ ಸಣ್ಣದು. "ನಾಲ್ಕು ಕೋರ್," ಎಂದು ಓದಿ ಕನ್ನಡಕ ತೆಗೆದರು. "ಅಂದ್ರೆ ಒಂದೇ ಪ್ರೊಸೆಸರ್ ಒಳಗೆ ನಾಲ್ಕು ಬೆಂಚು. ಕೇಳ್ರಪ್ಪಾ, ನಾವೂ ನಾಲ್ಕು ಬೆಂಚು ಹಾಕೋಣ."

ಇನ್ನೂ ಮೂರು ಬೆಂಚು ಬಂದವು, ಇನ್ನೂ ಹನ್ನೆರಡು ಜನ ಬಂದರು. ಈಗ ಉಗ್ರಾಣದ ಬಾಗಿಲಲ್ಲಿ ಒಂದೇ ಹೊತ್ತಿಗೆ ನಾಲ್ವರು. ಬಾಗಿಲು ಒಬ್ಬರಷ್ಟು ಅಗಲ. ಒಳಗೆ ಹೋಗುವವರು ಹೊರಬರುವವರ ಹೊಟ್ಟೆಗೆ ಹೊಟ್ಟೆ ಒತ್ತಿ ನಿಲ್ಲುತ್ತಿದ್ದರು. "ಒಬ್ಬೊಬ್ರೇ ಬನ್ರೋ, ಇದೇನು ಸಂತೆ ಬಸ್ಸಾ?" ಎಂದು ಬೋರಣ್ಣ ಒದರುತ್ತಿದ್ದ. ಮಗ್ಗಿ ಪುಸ್ತಕ ಇದ್ದದ್ದೇ ಒಂದು. ಒಂದು ಬೆಂಚಿನವರು ಅದನ್ನು ಒಯ್ದರೆ ಮೂರು ಬೆಂಚು ಬಾಯಿ ಬಿಟ್ಟುಕೊಂಡು ಕಾಯಬೇಕು. ಇನ್ನು ಕೆಲವು ಪ್ರಶ್ನೆಗಳಂತೂ ಹಂಚುವುದಕ್ಕೇ ಬರುವುದಿಲ್ಲ. ಎಷ್ಟು ಜನ ಬರುತ್ತಾರೆ ಎಂದು ಮೊದಲ ಬೆಂಚು ಹೇಳುವ ತನಕ ಎಷ್ಟು ಎಲೆ ಬೇಕೆಂದು ಎರಡನೆಯ ಬೆಂಚು ಹೇಗೆ ಹೇಳೀತು? ಅವರು ಕೂತು ಯಾರ ಮನೆಯ ಸೊಸೆ ಯಾರ ಜೊತೆ ಜಗಳವಾಡಿದಳು ಎಂಬುದನ್ನು ಬಗೆಹರಿಸಿಕೊಂಡರು. ದಿನಕ್ಕೆ ನೂರೈವತ್ತು ಉತ್ತರ ಬಂತು. ಅದರಲ್ಲಿ ಮೂವತ್ತು ತಪ್ಪು.

ಆಗ ಅಯ್ಯನೋರಿಗೆ ಕೋಪ ಬಂತು. ಜಾಹೀರಾತಿನ ಮುಂದಿನ ಸಾಲುಗಳು ಸಾಸಿವೆ ಕಾಳಿನಷ್ಟಿದ್ದವು. ಓದಲು ಅವರಿಗೆ ವ್ಯವಧಾನವಿರಲಿಲ್ಲ. "ಊರಲ್ಲಿ ನಿಧಾನದ ಕೈ ಸೇರ್ಕೊಂಡಿವೆ, ಅದಕ್ಕೇ ಹೀಗೆ," ಎಂದರು. ಹದಿನಾರು ದಾಟಿದ ಎಲ್ಲರಿಗೂ ಪರೀಕ್ಷೆ ಗೊತ್ತಾಯಿತು. ಗೋಡೆ ಗಡಿಯಾರದ ಒಂದು ನಿಮಿಷದಲ್ಲಿ ಎಷ್ಟು ಸಲ ಕೈ ಎತ್ತುತ್ತೀರಿ ಎಂದು ಹುಣಸೆಬೀಜ ಹಾಕಿ ಎಣಿಸುವುದು. ಕಡಿಮೆ ಬಿದ್ದವರನ್ನು ಅಮಾವಾಸ್ಯೆಯ ಸಂಜೆ ಬಸ್ಸಿಗೆ ಉಪ್ಪಿನ ಕೊಟ್ಟಿಗೆಗೆ ಕಳಿಸುವುದು. ಉಪ್ಪಿನ ಕೊಟ್ಟಿಗೆ ಹೊಳೆ ಸಮುದ್ರ ಸೇರುವ ಕಡೆ ಇದೆ, ಬಸ್ಸಿನಲ್ಲಿ ಒಂದೂವರೆ ದಿನ. ಅಲ್ಲಿಗೆ ಹೋದವರು ವರ್ಷಕ್ಕೊಂದು ಸಲ ದೀಪಾವಳಿಗೆ ಬರುತ್ತಾರೆ. ಬಂದಾಗ ಅವರ ಅಂಗೈ ಬಿಳಿಚಿಕೊಂಡು ಬಿರಿದಿರುತ್ತದೆ.

ಎಷ್ಟು ಬೀಜ ಬಿದ್ದರೆ ಪಾಸು ಎಂದು ಅವರು ಹೇಳಿರಲಿಲ್ಲ. ವಾರಿಜಳನ್ನು ಬಿಟ್ಟು ನಾನು ಒಂದು ವಾರವೂ ಇದ್ದವಳಲ್ಲ. ಪರೀಕ್ಷೆಯ ಹಿಂದಿನ ದಿನ ಒಂದು ಡಬ್ಬಿ ಎಳ್ಳಿನ ಕೋಡುಬಳೆ ಕರಿದು ನಗಾರಿ ಕಟ್ಟೆಗೆ ಹೋದೆ.

"ಸಿದ್ಲಿಂಗಣ್ಣ, ನಾಳೆ ನನ್ನ ಮಗಳ ಸರದಿ ಬಂದಾಗ ಸ್ವಲ್ಪ ನಿಧಾನಕ್ಕೆ ಬಡೀತೀರಾ? ಹಳೇ ಬಡಿತಾನೇ ಬಡೀರಿ. ಆ ಕೂಸಿಗೆ ಉಸಿರಾಡೋಕೆ ಪುರುಸೊತ್ತು ಸಿಕ್ರೆ ಕೈ ಕೂಡಿಬರುತ್ತೆ."

ಸಿದ್ಲಿಂಗಣ್ಣ ಮೊದಲು ಡಬ್ಬಿ ನೋಡಿದ, ಆಮೇಲೆ ಭುಜ ನೋಡಿಕೊಂಡ. "ಬೇರೇವ್ರು ಕೇಳಿದ್ರೆ ಆಗಲ್ಲ ಅಂತಿದ್ದೆ ತಾಯಿ. ಆದ್ರೆ ನನ್ನ ಭುಜಾನೂ ನಿಮ್ಮ ಪರವಾಗೇ ಮಾತಾಡ್ತಿದೆ."

ಮಾರನೆಯ ದಿನ ಮಂಗಳಕ್ಕನಿಗೆ ಅರವತ್ತು ಬೀಜ ಬಿತ್ತು. ಉಳಿದವರಿಗೂ ಐವತ್ತೈದು, ಐವತ್ತೆಂಟು. ವಾರಿಜ ಬಂದು ಕೂತಳು. ನಗಾರಿ ನಿಧಾನವಾಯಿತು. ನಾನು ಕಂಬಕ್ಕೆ ಒರಗಿ ನಿಂತು ನೋಡುತ್ತಿದ್ದೆ. ಒಂದು ಬಡಿತ, ಅವಳು ಸುಮ್ಮನೆ. ಇನ್ನೊಂದು ಬಡಿತ, ಕೈ ಎತ್ತಿದಳು. ಮತ್ತೊಂದು, ಸುಮ್ಮನೆ. ಬಡಿತ ನಿಧಾನವಾದರೂ ಅವಳು ಒಂದನ್ನು ಬಿಟ್ಟೇ ಇನ್ನೊಂದಕ್ಕೆ ಎತ್ತುತ್ತಾಳೆ ಎಂಬುದು, ಅವಳನ್ನು ಹೆತ್ತ ನನಗೆ, ಆಗ ಹೊಳೆಯಿತು. ನಿಮಿಷ ಮುಗಿದಾಗ ಬಟ್ಟಲಲ್ಲಿ ಹದಿನೈದು ಬೀಜ.

ಅಯ್ಯನೋರು ಎದ್ದುನಿಂತು ಪಾಸಿನ ಗೆರೆ ಹೇಳಿದರು: "ಇಪ್ಪತ್ತೈದು."

ಸಿದ್ಲಿಂಗಣ್ಣ ಎಂದಿನಂತೆ ಅರವತ್ತು ಬಡಿದಿದ್ದರೆ ಅವಳಿಗೆ ಮೂವತ್ತು ಬೀಳುತ್ತಿತ್ತು. ನನ್ನ ಮಗಳನ್ನು ನಾನೇ ಕೋಡುಬಳೆ ಕೊಟ್ಟು ಫೇಲು ಮಾಡಿಸಿದ್ದೆ.

ಹಿಂದೆಯೇ ಹೋಗಿ ಅಯ್ಯನೋರ ಮುಂದೆ ಎಲ್ಲ ಹೇಳಿದೆ. ಅವರು ಅರ್ಧ ಕೇಳಿಸಿಕೊಂಡರು. "ಹೆಸರು ಕಂಡಕ್ಟರಿಗೆ ಹೋಗಾಯ್ತು ಮಾಲಮ್ಮ. ಸೀಟು ಹಿಡಿಸಾಯ್ತು. ಈಗ ಬದಲಾಯಿಸಿದ್ರೆ ನಾಳೆ ಊರಿನೋರೆಲ್ಲ ಕೋಡುಬಳೆ ಹಿಡ್ಕೊಂಡು ಬರ್ತಾರೆ," ಎಂದರು. ಮನೆಗೆ ಬಂದು ವಾರಿಜಳಿಗೂ ಹೇಳಿದೆ.

"ಗೊತ್ತಿತ್ತಮ್ಮ," ಎಂದಳು ಅವಳು. "ಸಿದ್ಲಿಂಗಣ್ಣನ ಗಡ್ಡದಲ್ಲೆಲ್ಲಾ ಎಳ್ಳಿತ್ತು."

ಇನ್ನು ಆರು ದಿನ ಉಳಿದಿದ್ದವು. ನನಗೆ ಉತ್ತರದ ಮನೆಗೆ ಹೋಗಲು ಮನಸ್ಸಾಗದೆ ಒಂದು ದಿನ ರಜೆ ಹಾಕಿ ಅವಳ ಜೊತೆ ಅಡಿಗೆ ಮನೆಯಲ್ಲಿ ಕೂತೆ. ಅವತ್ತು ಹುಳಿ ಮಾಡುವ ಕೆಲಸ ಅವಳಿಗೆ ಬಿಟ್ಟು, ಪಲ್ಯ ನಾನು ಹಿಡಿದೆ. ಹಾಲು ಮಾತ್ರ ಎಂದಿನಂತೆ ನಾನೇ ಕಾಯಿಸಿದೆ. ಅರೆಬಡಿತದ ಕೈಗೆ ಹಾಲು ಎಲ್ಲಿ ಸಿಕ್ಕೀತು ಎಂದು ಅದನ್ನು ಯಾವತ್ತೂ ಅವಳಿಗೆ ಬಿಟ್ಟವಳಲ್ಲ. ಹಾಲು ಎಂದಿನಂತೆ ಉಕ್ಕಿತು. ಆಮೇಲೆ ನಾನು ಸಾಸಿವೆಗೆಂದು ಕೋಣೆಗೆ ಹೋದೆ, ಬಂದೆ. ಕರಿಬೇವಿಗೆಂದು ಹಿತ್ತಲಿಗೆ ಹೋದೆ, ಬಂದೆ. ಉಪ್ಪಿಗೆಂದು ಮತ್ತೆ ಕೋಣೆಗೆ ಹೋದೆ. ನಾನು ಕಾಯಿತುರಿಗೆ ಹೋಗಿ ಬರುವಷ್ಟರಲ್ಲಿ ಅವಳ ಹುಳಿ ಇಳಿದಿತ್ತು. ಅವಳು ಸೆರಗಿನ ತುದಿಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು, ಒಂದು ಬಡಿತ ಬಿಟ್ಟು ಒಂದು ಬಡಿತಕ್ಕೆ.

ಅವಳ ಸುತ್ತ ನೋಡಿದೆ. ಒಲೆಯ ಪಕ್ಕದಲ್ಲೇ ಸಾಸಿವೆ, ಉಪ್ಪು, ಹುಣಸೆರಸ, ಪುಡಿ, ಕರಿಬೇವು, ಎಲ್ಲ ಪುಟ್ಟ ಪುಟ್ಟ ಬಟ್ಟಲಲ್ಲಿ. ಬೇಳೆ ಬೇಯುತ್ತಿರುವಾಗಲೇ, ಕೈಗೆ ಕೆಲಸವಿಲ್ಲದ ಬಡಿತಗಳಲ್ಲಿ, ಮುಂದೆ ಬೇಕಾಗುವುದನ್ನು ಒಂದೇ ತಟ್ಟೆಯಲ್ಲಿಟ್ಟು ತಂದುಕೊಂಡಿದ್ದಳು. ಕೂತ ಮೇಲೆ ಏಳಲೇ ಇಲ್ಲ.

"ಯಾವಾಗಿಂದ ಹೀಗೆ ಮಾಡ್ತಿದ್ದೀಯೇ?"

"ಮೊದಲಿಂದ್ಲೂ. ನನಗೆ ಸಿಗೋದೇ ಅರ್ಧ ಬಡಿತ. ಅದನ್ನ ಓಡಾಟಕ್ಕೆ ಹಾಕಿದ್ರೆ ಹುಳಿಗೆ ಏನುಳಿಯುತ್ತೆ?"

ಹದಿನೇಳು ವರ್ಷ ಅವಳ ಕೈಯನ್ನೇ ನೋಡಿದವಳು, ಕೈಯ ಅಕ್ಕಪಕ್ಕ ಏನಿದೆ ಎಂದು ನಾನು ನೋಡಿರಲಿಲ್ಲ. ಒಳಗೆ ಹೋಗಿ ಒಂದು ಸಲ ಮುಖ ತೊಳೆದುಕೊಂಡು ಬಂದೆ.

ಅಮಾವಾಸ್ಯೆ ಬಂತು. ಅವಳ ಟ್ರಂಕನ್ನು ಅವಳೇ ತುಂಬಿದ್ದಳು. ಬೆಳಿಗ್ಗೆ ಎತ್ತಿ ನೋಡಿದೆ, ಜಗ್ಗಲಿಲ್ಲ. "ಏನು ತುಂಬಿದ್ದೀಯ ಮಗಳೇ, ರುಬ್ಬೋ ಕಲ್ಲಾ?" ಎಂದೆ. ಅವಳು ನಕ್ಕಳಷ್ಟೇ. ನಾನು ಕೆಲಸಕ್ಕೆ ಹೋದೆ. ಒಂಬತ್ತರ ಬಸ್ಸಿಗೆ ಮುನ್ನೂರು ಚೀಟಿಯ ಮೂಟೆ ಬಂದು ಬಿತ್ತು.

ಮಧ್ಯಾಹ್ನ ಒಂದು ಗಂಟೆಗೆ ಆಗಿದ್ದದ್ದು ಎಂಬತ್ತೆಂಟು. ಹೆಂಚಿನ ಕೆಳಗೆ ಉಸಿರು ಕಟ್ಟುವ ಸೆಕೆ. ಬೀಸಣಿಗೆಯವರು ಗೋಡೆಗೊರಗಿದ್ದರು. ನಾಲ್ಕನೆಯ ಬೆಂಚಿನಲ್ಲಿ ಮಣಿ ಸರಿಸುತ್ತಿದ್ದ ಮಂಗಳಕ್ಕ ಇದ್ದಕ್ಕಿದ್ದಂತೆ "ಮಾಲಕ್ಕ, ಚಪಾತಿ..." ಎಂದು ಏನೋ ಹೇಳಲು ಹೋಗಿ ಚೌಕಟ್ಟಿನ ಮೇಲೇ ಒರಗಿಬಿಟ್ಟಳು. ಅವಳನ್ನು ನಾಲ್ವರು ಎತ್ತಿಕೊಂಡು ಹೋಗಿ ಬೇವಿನ ಮರದಡಿ ಮಲಗಿಸಿ ನೀರು ಚಿಮುಕಿಸಿದರು. ಅಯ್ಯನೋರು ಬಾಗಿಲಿಗೆ ಬಂದು ಬೀದಿಗೆ ಕೂಗಿದರು: "ಕೈ ಇರೋರು ಯಾರಾದ್ರೂ ಬನ್ರಪ್ಪಾ!"

ಬೀದಿಯಲ್ಲಿ ಇದ್ದವಳು ವಾರಿಜ ಒಬ್ಬಳೇ. ಬಸ್‌ಸ್ಟ್ಯಾಂಡಿನಲ್ಲಿ ಟ್ರಂಕಿನ ಮೇಲೆ ಕೂತಿದ್ದಳು. ಅವಳು ಟ್ರಂಕನ್ನು ಎಳೆದುಕೊಂಡೇ ಒಳಗೆ ಬಂದಳು.

"ನೀನಾ?" ಎಂದರು ಅಯ್ಯನೋರು.

"ಕೈ ಇರೋರು ಅಂದ್ರಲ್ಲ. ಸಂಜೆ ತನಕ ಇಲ್ಲೇ ಇವೆ."

ಅವಳು ಮಂಗಳಕ್ಕನ ಜಾಗದಲ್ಲಿ ಕೂತಳು. ಚೀಟಿ ಓದುವವರು ಮೊದಲ ಪ್ರಶ್ನೆ ಓದಿದರು, ಹದಿನೇಳು ಬುಟ್ಟಿ ಹೆಣೆಯಲು ಎಷ್ಟು ಬಿದಿರು ಬೇಕು ಎಂದು. ಪುಸ್ತಕ ತರುವವನು ಅಭ್ಯಾಸದಂತೆ ಎದ್ದ. "ಅಣ್ಣಾ, ಕೂತ್ಕೊಳ್ಳಿ," ಎಂದು ವಾರಿಜ ಟ್ರಂಕಿನ ಮುಚ್ಚಳ ತೆಗೆದಳು. ಮೇಲೆ ಒಂದು ಲಂಗ ದಾವಣಿ ಇತ್ತು. ಅದರ ಕೆಳಗೆ ಏಳು ದಪ್ಪ ನೋಟ್‌ಬುಕ್ಕು. ಮಗ್ಗಿ, ಪಂಚಾಂಗ, ಅಳತೆ, ತೂಕ, ಊಟದ ಪ್ರಮಾಣ, ಬಾವಿ ಮತ್ತು ಗೋಡೆ, ಊರೂರಿನ ದೂರ. ಅವಳದೇ ದುಂಡು ಅಕ್ಷರ.

"ಇದೇನಮ್ಮ ಇದು?" ಎಂದೆ ನಾನು ನನ್ನ ಬೆಂಚಿನಿಂದಲೇ.

"ನಿನಗೆ ಬುತ್ತಿ ತಂದಾಗೆಲ್ಲ ಬಾಗಿಲಲ್ಲಿ ಕಾಯ್ತಾ ನೋಡ್ತಿದ್ದೆ. ಒಂಬೈನೂರರಲ್ಲಿ ಬೆಳಗಿಂದ ಸಂಜೆ ತನಕ ಹೋಗಿಬರೋದು ಈ ಏಳೇ. ಮಧ್ಯಾಹ್ನ ನೀವೆಲ್ಲ ಊಟಕ್ಕೆ ಕೂತಾಗ ಬೋರಣ್ಣ ಮಾಮ ಬಾಗಿಲಲ್ಲೇ ಕೂತು ಬರ್ಕೊಳ್ಳೋಕೆ ಬಿಡ್ತಿದ್ರು. ಎರಡು ವರ್ಷ ಹಿಡೀತು. ಉಪ್ಪಿನ ಕೊಟ್ಟಿಗೇಲಿ ಬೇಜಾರಾದ್ರೆ ನೋಡ್ಕೊಳ್ಳೋಣ ಅಂತ ಹಾಕ್ಕೊಂಡೆ."

"ಪುಸ್ತಕ ಬೆಂಚಿನ ಪಕ್ಕದಲ್ಲಾ!" ಎಂದರು ಅಯ್ಯನೋರು.

"ಪುಸ್ತಕ ಅಲ್ಲೇ ಮಲಗಿದೆ ಅಯ್ಯನೋರೇ. ಇದು ಅದರ ನಕಲು. ಇದು ಎಚ್ಚರವಾಗಿರಬಹುದು."

ಅಷ್ಟರಲ್ಲಿ ಬಿದಿರಿನ ಉತ್ತರ ಬರೆದು ಆಗಿತ್ತು.

ಅವಳ ಕೈ ಏನೂ ಬೇಗ ಆಡಲಿಲ್ಲ. ಒಂದು ಬಡಿತ ಬಿಟ್ಟೇ ಆಡಿತು. ಆದರೆ ನಿಲ್ಲಲಿಲ್ಲ. ಕೈಗೆ ಸಿಗದ ಆ ಬಡಿತದಲ್ಲಿ ಅವಳ ಕಣ್ಣು ಮುಂದಿನ ಚೀಟಿಯ ಮೇಲೆ ಇರುತ್ತಿತ್ತು. ಮದುವೆಯ ಚೀಟಿಗಳನ್ನೆಲ್ಲ ಒಂದು ಕಡೆ, ಬಾವಿಯವನ್ನೆಲ್ಲ ಒಂದು ಕಡೆ ಮಾಡಿಸಿದಳು. ಊಟದ ನೋಟ್‌ಬುಕ್ಕು ಒಂದು ಸಲ ಬಿಚ್ಚಿದರೆ ಹದಿನೆಂಟು ಮದುವೆ ಮುಗಿದ ಮೇಲೆಯೇ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಎರಡನೆಯ ಬೆಂಚಿನವರು ಮೆಲ್ಲಗೆ ಬಂದು "ಮಗ್ಗಿ ಒಂಚೂರು ಕೊಡ್ತೀಯಾ ಮಗಾ?" ಎಂದರು. ಆಮೇಲೆ ಒಂದನೆಯ ಬೆಂಚು, ಆಮೇಲೆ ನಮ್ಮ ಮೂರನೆಯ ಬೆಂಚು. ಟ್ರಂಕನ್ನು ನಾಲ್ಕು ಬೆಂಚಿನ ನಡುವೆ ಎಳೆದಿಟ್ಟೆವು.

ಎರಡು ಗಂಟೆಯ ಹೊತ್ತಿಗೆ ಇದ್ದಕ್ಕಿದ್ದಂತೆ ನಗಾರಿ ನಿಧಾನವಾಯಿತು. ಅಯ್ಯನೋರು ತಲೆಯ ಮೇಲೆ ಕೈ ಹೊತ್ತು ಓಡಿದರು. "ಬಡಿಯೋ ಸಿದ್ಲಿಂಗ, ಬಡಿಯೋ!"

"ಆಗಲ್ಲ ಅಯ್ಯನೋರೇ. ಭುಜ ಕೆಂಡ ಆಗಿದೆ. ಬೇಕಾದ್ರೆ ಮುಟ್ಟಿ ನೋಡಿ, ಕಾಫಿ ಕಾಯಿಸ್ಕೋಬೋದು."

ಹಳೆಯ ಮೂವತ್ತು ಬಡಿತಕ್ಕೆ ಇಳಿದ ಮೇಲೆ ಮನೆಯೊಳಗೆ ಗಾಳಿ ಬಂದಂತಾಯಿತು. ಬೆವರು ಆರಿತು, ಶಾಯಿ ನಿಂತಲ್ಲಿ ನಿಂತಿತು. ಎಂಬತ್ತು ಎಂಬತ್ತಾಗಿಯೇ ಉಳಿಯಿತು. ಮೂರೂವರೆಗೆ ನೂರ ತೊಂಬತ್ತು. ಆನೆಗೆ ದಿನಕ್ಕೆಷ್ಟು ಸೊಪ್ಪು ಎಂಬಂಥ ಅಪರೂಪದ ಪ್ರಶ್ನೆ ಬಂದಾಗ ಮಾತ್ರ ಒಬ್ಬರು ಉಗ್ರಾಣಕ್ಕೆ ಹೋದರು. ನಾಲ್ಕು ಗಂಟೆಗೆ ಬೋರಣ್ಣ ತಾನೇ ನಡೆದುಕೊಂಡು ಬಂದು ಬಾಗಿಲಲ್ಲಿ ಇಣುಕಿದ. "ಯಾರೂ ಬರ್ತಿಲ್ವಲ್ಲ, ಎಲ್ಲಾ ಸತ್ತೋದ್ರಾ ಅಂತ ನೋಡೋಕೆ ಬಂದೆ," ಎಂದ.

ಐದಕ್ಕೆ ಹತ್ತು ನಿಮಿಷ ಇರುವಾಗ ಬಸ್ಸು ಬಂದು ಹಾರನ್ ಹೊಡೆಯಿತು. ಇನ್ನೂ ನಾಲ್ಕು ಚೀಟಿ. ಮೂರು. ಕಂಡಕ್ಟರ್ ಒಳಗೆ ಬಂದು ಬಡಿತವಿಲ್ಲದ ಕೈಯಿಂದ ಉತ್ತರಗಳನ್ನು ಎಣಿಸತೊಡಗಿದ. ಕೊನೆಯ ಚೀಟಿ ವಾರಿಜಳ ಕೈಗೆ ಬಂತು. ಯಾವುದೋ ಊರಿನ ಯಾವುದೋ ತಾಯಿ ಕೇಳಿದ್ದಳು: ದಿನಾ ಒಂದು ಲೋಟ ಹಾಲು ಒಲೆ ಪಾಲಾದರೆ ವರ್ಷಕ್ಕೆ ಎಷ್ಟು ಕೊಡ ಆಗುತ್ತದೆ? ವಾರಿಜ ಮಣಿ ಸರಿಸಿ ಉತ್ತರ ಹೇಳಿದಳು. ಬರೆಯುವವನು ಬರೆದ ಮೇಲೆ, "ಅಣ್ಣಾ, ಕೆಳಗೆ ಇದನ್ನೂ ಸೇರಿಸಿ," ಎಂದಳು. "ಒಲೆ ಹಚ್ಚೋ ಮೊದಲೇ ಪಾತ್ರೆ ಮೇಲೆ ಮರದ ಸೌಟು ಅಡ್ಡ ಇಡಿ."

"ಮುನ್ನೂರು," ಎಂದ ಕಂಡಕ್ಟರ್.

ಉತ್ತರದ ಮನೆಯಲ್ಲಿ ಎದ್ದ ಗದ್ದಲಕ್ಕೆ ಮಂಗಳಕ್ಕ ಬೇವಿನ ಮರದಡಿ ಎದ್ದು ಕೂತಳು. ಅಯ್ಯನೋರು ಮಾತ್ರ ವಾರಿಜಳ ಬೆಂಚಿನ ಮುಂದೆ ನಿಂತಿದ್ದರು. ಒಂದು ಕೈಯಲ್ಲಿ ಅವಳ ಹುಣಸೆಬೀಜದ ಬಟ್ಟಲು. ಮನೆಯಲ್ಲೆಲ್ಲ ಅತಿ ಕಡಿಮೆ ಬೀಜ ಅದರಲ್ಲೇ. ಮುಂದೆ ಅವಳ ಉತ್ತರಗಳ ರಾಶಿ; ಮನೆಯಲ್ಲೆಲ್ಲ ಅತಿ ಎತ್ತರ ಅದೇ. ಅವರು ಬಟ್ಟಲು ನೋಡುತ್ತಾರೆ, ರಾಶಿ ನೋಡುತ್ತಾರೆ.

"ಒಬ್ರು ಉಪ್ಪಿನ ಕೊಟ್ಟಿಗೆಗೆ ಅಂತ ಸೀಟು ಹಿಡಿದಿದೆ," ಎಂದು ಕಂಡಕ್ಟರ್ ಪಟ್ಟಿ ತೆಗೆದ. "ಬೇಗ ಹತ್ತಿಸಿ, ಹೊರಡಬೇಕು."

ವಾರಿಜ ಎದ್ದಳು. ನೋಟ್‌ಬುಕ್ಕುಗಳನ್ನು ಒಂದೊಂದಾಗಿ ಟ್ರಂಕಿಗೆ ಹಾಕತೊಡಗಿದಳು. ನಾನೂ ಎದ್ದೆ. ಅಯ್ಯನೋರ ಮುಂದೆ ಹೋಗಿ ನಿಂತೆ. ಅವರು ನನ್ನ ಕಡೆ ನೋಡದೆ ಕನ್ನಡಕ ಹಾಕಿಕೊಂಡು, ಜೇಬಿನಿಂದ ಆ ಜಾಹೀರಾತು ತೆಗೆದು, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರು. ಸಾಸಿವೆ ಕಾಳಿನ ಅಕ್ಷರಗಳನ್ನು ಒಂದೊಂದಾಗಿ ಓದಿದರು.

"ಮೂರನೇ ಸಾಲು. ಕ್ಯಾಶ್ ಮೆಮೊರಿ. ಪದೇ ಪದೇ ಬೇಕಾಗುವುದರ ನಕಲನ್ನು ಪ್ರೊಸೆಸರ್ ತನ್ನ ಪಕ್ಕದಲ್ಲೇ ಇಟ್ಟುಕೊಳ್ಳುತ್ತದೆ." ಗಂಟಲು ಸರಿಮಾಡಿಕೊಂಡರು. "ನಾಲ್ಕನೇ ಸಾಲು. ಬಿಸಿಯೇರಿದರೆ ಅಪಾಯವಾಗದಂತೆ ವೇಗ ತಂತಾನೇ ತಗ್ಗುತ್ತದೆ."

ಸಿದ್ಲಿಂಗಣ್ಣ ಬಾಗಿಲಿನಿಂದ, "ಅದು ನನ್ನ ಭುಜ," ಎಂದ.

"ನಾನು ಎಲ್ಲಾ ಇದರ ಪ್ರಕಾರವೇ ಮಾಡಿಸ್ತಾ ಇದ್ದೆ," ಎಂದು ಅಯ್ಯನೋರು ಚೀಟಿ ಮಡಚಿದರು. ಯಾರೂ ನಗಲಿಲ್ಲ, ತುಂಬ ಕಷ್ಟಪಟ್ಟು ನಗಲಿಲ್ಲ. ಅವರು ಕಂಡಕ್ಟರನ ಕಡೆ ತಿರುಗಿದರು. "ನೋಡಪ್ಪ, ಪಟ್ಟಿ ಪಟ್ಟಿಯೇ. ಹುಡುಗಿ ಹೋಗಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಟ್ರಂಕು ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿ ಬೇಕಾಗಿದೆ. ಅಷ್ಟು ದೂರಕ್ಕೆ ಒಂದು ಹೆಣ್ಣುಮಗೀನ ಟ್ರಂಕಿಲ್ದೆ ಹೆಂಗೆ ಕಳ್ಸೋದು? ನಮ್ಮೂರಲ್ಲಿ ಆ ಪದ್ಧತಿ ಇಲ್ಲ."

"ಬೇರೆ ಟ್ರಂಕು ಕೊಡಿ," ಎಂದ ಕಂಡಕ್ಟರ್.

ನೋಟ್‌ಬುಕ್ಕಿನ ಟ್ರಂಕಿನ ಮೇಲೆ ಬೋರಣ್ಣ ಆಗಲೇ ಕೂತುಬಿಟ್ಟಿದ್ದ. "ಊರಲ್ಲಿರೋದೇ ಇದೊಂದು," ಎಂದ. ಅದು ಶುದ್ಧ ಸುಳ್ಳು. ನಮ್ಮ ಬೀದಿಯಲ್ಲೇ ಇಪ್ಪತ್ತಿವೆ.

ಬಸ್ಸು ಮುನ್ನೂರು ಉತ್ತರ ಹೊತ್ತುಕೊಂಡು, ಒಂದು ಖಾಲಿ ಸೀಟು ಇಟ್ಟುಕೊಂಡು ಹೋಯಿತು.

ಹೊಳೆಯಾಚೆಯ ಕಂಪ್ಯೂಟರ್ ಈಗಲೂ ನಮಗಿಂತ ಬೇಗವೇ. ಆದರೆ ದಿನಕ್ಕೆ ನಮ್ಮ ಮುನ್ನೂರು ಯಾವತ್ತೂ ತಪ್ಪಿಲ್ಲ, ಬಸ್ಸು ಬರುತ್ತಿದೆ. ಸಿದ್ಲಿಂಗಣ್ಣ ನಿಮಿಷಕ್ಕೆ ಮೂವತ್ತೇ ಬಡಿಯುತ್ತಾನೆ. ಅವನ ಭುಜಕ್ಕೆ ಎಣ್ಣೆ, ಡಬ್ಬಿಗೆ ಕೋಡುಬಳೆ ನಮ್ಮ ಮನೆಯಿಂದ. ವಾರಿಜ ನಾಲ್ಕನೆಯ ಬೆಂಚಿನಲ್ಲಿ ಕೂರುತ್ತಾಳೆ. ಬೆಳಿಗ್ಗೆ ಅವಳಿಗೆ ಜಡೆ ಹಾಕುವಾಗ ನಾನೂ ಈಗ ಒಂದು ಬಡಿತ ಬಿಟ್ಟು ಒಂದು ಬಡಿತಕ್ಕೆ ಎಳೆ ತಿರುವುತ್ತೇನೆ. ಅವಸರವೇನೂ ಇಲ್ಲ ಎಂದಲ್ಲ. ಆ ನಡುವಿನ ಬಡಿತದಲ್ಲಿ ಅವಳ ತಲೆಯ ಮೇಲೆ ಕೈ ಸುಮ್ಮನೆ ಇರುತ್ತದೆ, ಅದು ಹಿತವಾಗಿರುತ್ತದೆ.

ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ ಹಾಲಿಟ್ಟವಳೂ ಅವಳೇ. ಮೊದಲು ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟಳು, ಆಮೇಲೆ ಒಲೆ ಹಚ್ಚಿದಳು, ಆಮೇಲೆ ಇಬ್ಬರೂ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತೆವು. ಬೀದಿಯಲ್ಲಿ ಆ ತುದಿಯಿಂದ "ಉಕ್ತು, ಉಕ್ತು!" ಶುರುವಾಗಿ ಮನೆ ಮನೆ ದಾಟಿ ನಮ್ಮ ಕಡೆ ಬಂತು. ನಮ್ಮ ಹಾಲೂ ಏರಿತು, ಸೌಟಿನ ತನಕ ಬಂದು, ಅದಕ್ಕೆ ತಾಗಿ, ನಾಚಿಕೊಂಡಂತೆ ಕೆಳಗಿಳಿಯಿತು. ಮತ್ತೆ ಏರಿತು, ಮತ್ತೆ ಇಳಿಯಿತು. ನಾನು ಉಸಿರು ಬಿಗಿಹಿಡಿದು ನೋಡುತ್ತಿರುವಾಗ ಮಂಗಳಕ್ಕ ಗೋಡೆಯ ಮೇಲಿಂದ ತಲೆ ಹಾಕಿದಳು. ಅವಳ ಮುಖದಲ್ಲಿ ನಿಜವಾದ ಕಳವಳವಿತ್ತು.

"ಯಾಕೆ ಮಾಲಕ್ಕ, ಕೂಗೇ ಇಲ್ಲ?" ಎಂದಳು. "ಇವತ್ತು ಹಾಲು ತರಿಸ್ಲಿಲ್ವಾ?"